ಸುಘೋಷನ ಪಾಲಿನ ರೊಟ್ಟಿ

ಚಂದ್ರಮತಿ ಮೈದಾವನ್ನು ಮೂರನೆಯ ಸಲ ಜರಡಿ ಹಿಡಿದಳು. ಎರಡು ಸಲ ಸಾಕಾಗುತ್ತಿತ್ತು. ಪೆರಂಬೂರಿನ ಅಂಗಡಿಗಳಲ್ಲಿ ಈಗ ಸಿಗುವ ಹಿಟ್ಟಿನಲ್ಲಿ ಹುಳುವೂ ಇರುವುದಿಲ್ಲ, ಕಲ್ಲೂ ಇರುವುದಿಲ್ಲ. ಆದರೆ ಅವಳ ತಾಯಿ ಮೂರು ಸಲ ಹಿಡಿಯುತ್ತಿದ್ದಳು. ಮೂಲ್ಕಿ ಹೊಳೆಯ ಹತ್ತಿರದ ಅವರ ಊರಿನಲ್ಲಿ, ಇಪ್ಪತ್ತು ಮನೆಗಳ ಸಣ್ಣ ಕ್ರೈಸ್ತ ಸಭೆಗೆ, ಆರಾಧನೆಯಲ್ಲಿ ಎಲ್ಲರೂ ಒಂದೊಂದು ಚೂರು ತಿನ್ನುವ ಕರ್ತನ ಭೋಜನದ ರೊಟ್ಟಿ ಸುಟ್ಟುಕೊಡುವುದು ತಾಯಿಯ ಕೆಲಸವಾಗಿತ್ತು. ಮದುವೆಯಾಗಿ ಮದ್ರಾಸಿಗೆ ಬಂದ ಮೇಲೆ ಇಲ್ಲಿನ ಕನ್ನಡ ಸಭೆಯಲ್ಲಿ ಅದು ಮಗಳ ಪಾಲಿಗೆ ಬಂತು. ಮೂವತ್ತೊಂದು ವರ್ಷ ಆಯಿತು.

ಸಭೆ ದೊಡ್ಡದೇನಲ್ಲ. ತಮಿಳು ಕ್ರೈಸ್ತ ದೇವಾಲಯವೊಂದರ ಪಕ್ಕದ ಹಾಲಿನಲ್ಲಿ ತಿಂಗಳ ಎರಡನೆಯ ಭಾನುವಾರ ಸಂಜೆ ನಾಲ್ಕಕ್ಕೆ ನಲವತ್ತು ಜನ ಸೇರುತ್ತಾರೆ. ಎಡಗಡೆ ಗಂಡಸರು, ಬಲಗಡೆ ಹೆಂಗಸರು. ಎಲ್ಲರೂ ಉಡುಪಿ, ಮಂಗಳೂರು ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು, ಇಲ್ಲವೆ ಹಾಗೆ ಬಂದವರ ಮಕ್ಕಳು. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಕೀರ್ತನೆಗಳನ್ನು ತಮಿಳು ಲಿಪಿಯಲ್ಲಿ ಬರೆದಿಟ್ಟುಕೊಂಡು ಹಾಡುತ್ತಾರೆ. ರೊಟ್ಟಿ ಮಾತ್ರ ಊರಿನದ್ದೇ ಆಗಬೇಕೆಂಬ ಹಠ ಹಿರಿಯರಲ್ಲಿ ಉಳಿದುಕೊಂಡಿತ್ತು.

ಆದ್ದರಿಂದ ಚಂದ್ರಮತಿ ಶನಿವಾರ ಬೆಳಿಗ್ಗೆ ಹಿಟ್ಟು ಕಲಸಿ ಹುದುಗಲು ಇಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅದು ಉಬ್ಬಿ ಪಾತ್ರೆಯ ಅಂಚಿಗೆ ಬರುತ್ತಿತ್ತು. ಹಿತ್ತಲಿನ ನುಗ್ಗೆಮರದ ಕೆಳಗೆ ಮೂರು ಕಲ್ಲು, ಮರಳು ಹಾಕಿದ ಕಬ್ಬಿಣದ ಬಾಣಲೆ, ಬಾಣಲೆಯೊಳಗೆ ಹಿಟ್ಟಿನ ಪಾತ್ರೆ, ಮೇಲೆ ತಗಡಿನ ಮುಚ್ಚಳ, ಮುಚ್ಚಳದ ಮೇಲೂ ಬಾಣಲೆಯ ಕೆಳಗೂ ತೆಂಗಿನ ಚಿಪ್ಪಿನ ಕೆಂಡ. ಅಕ್ಕಪಕ್ಕದ ಮನೆಯವರು ಹೊಗೆಯೆಂದು ಗೊಣಗಿದರೂ ವಾಸನೆ ಏಳುವ ಹೊತ್ತಿಗೆ ಸುಮ್ಮನಾಗುತ್ತಿದ್ದರು.

ನಲವತ್ತು ಜನಕ್ಕೆ ಒಂದು ರೊಟ್ಟಿ. ಆದರೆ ನಾಲ್ಕು ವರ್ಷಗಳಿಂದ ಅವಳು ಅದನ್ನು ಸುಡುತ್ತಿದ್ದದ್ದು ಒಬ್ಬನಿಗಾಗಿ. ಅವನು ತಿನ್ನಲಿ ಎಂದು. ತಿಂದು ಹಾಳಾಗಿ ಹೋಗಲಿ ಎಂದು.

ಅವಳು ಅದಕ್ಕೆ ಏನನ್ನೂ ಬೆರೆಸುತ್ತಿರಲಿಲ್ಲ. ಬೆರೆಸುವ ಅಗತ್ಯವಿರಲಿಲ್ಲ. ಭೋಜನದ ಮೇಜಿನ ಮೇಲಿನ ಬಿಳಿ ಬಟ್ಟೆಯನ್ನು ಸರಿಸುವ ಮೊದಲು ಸಭೆಯ ಪಾದ್ರಿಗಳಾದ ಅಯ್ಯನವರು ಪ್ರತಿ ತಿಂಗಳೂ ಒಂದು ಎಚ್ಚರಿಕೆ ಹೇಳುತ್ತಿದ್ದರು: ಮಾಡಿದ ಪಾಪವನ್ನು ಒಳಗೇ ಬಚ್ಚಿಟ್ಟುಕೊಂಡು, ಪಶ್ಚಾತ್ತಾಪವಿಲ್ಲದೆ ಈ ರೊಟ್ಟಿಗೆ ಕೈ ಚಾಚುವವನು ತನಗೆ ಬರಬೇಕಾದ ಶಿಕ್ಷೆಯನ್ನೇ ತಿನ್ನುತ್ತಾನೆ. ಬೇರೆಯವರು ಆ ಮಾತನ್ನು ಕೇಳಿ ಕೇಳಿ ಸವೆಸಿಬಿಟ್ಟಿದ್ದರು. ಚಂದ್ರಮತಿ ಮಾತ್ರ ಅದನ್ನು ಅಕ್ಷರಕ್ಕೆ ಅಕ್ಷರ ನಂಬಿದ್ದಳು.

ನಾಲ್ಕು ವರ್ಷಗಳ ಹಿಂದೆ ಅವಳ ಒಬ್ಬನೇ ಮಗ ಸಂದೇಶ್, ಇಪ್ಪತ್ತನಾಲ್ಕು ವರ್ಷದವನು, ಗೆಳೆಯನ ಮದುವೆಯೂಟ ಮುಗಿಸಿ ಬರುವಾಗ ಪೆರುಂಗುಡಿಯ ಆಚೆ ಬೈಕು ಉರುಳಿ ಸತ್ತಿದ್ದ. ಬೈಕಿನಲ್ಲಿ ಇಬ್ಬರಿದ್ದರು. ಇನ್ನೊಬ್ಬ ಸುಘೋಷ. ಎರಡು ಬೀದಿ ಆಚೆ ಇರುವ ಸುಮತಿಯ ಮಗ. ಸುಮತಿ ಮತ್ತು ಚಂದ್ರಮತಿ ಒಂದೇ ಊರಿನವರು, ಒಂದೇ ಶಾಲೆಯಲ್ಲಿ ಓದಿದವರು. ಸುಮತಿಯ ಮಗ ಇವಳನ್ನು ದೊಡ್ಡಮ್ಮ ಎಂದು ಕರೆದೇ ಬೆಳೆದವನು.

ಬೈಕು ಓಡಿಸುತ್ತಿದ್ದದ್ದು ಸಂದೇಶ್ ಎಂದು ಸುಘೋಷ ಪೊಲೀಸರಿಗೆ ತಿಳಿಸಿದ. ಸಂದೇಶ್ ಕುಡಿದಿದ್ದ ಎಂದು ಆಸ್ಪತ್ರೆಯ ಕಾಗದ ಹೇಳಿತು. ಅಲ್ಲಿಗೆ ಮುಗಿಯಿತು. ಕುಡಿದು ಓಡಿಸಿ ಸತ್ತ. ಪಾಪ, ಹಿಂದೆ ಕೂತವನನ್ನೂ ಕೊಲ್ಲುತ್ತಿದ್ದ. ಸಭೆಯಲ್ಲಿ ಯಾರೂ ಅದನ್ನು ಎದುರಿಗೆ ಹೇಳಲಿಲ್ಲ. ಆದರೆ ಮದ್ಯಪಾನದ ಬಗ್ಗೆ ಅಯ್ಯನವರು ಪ್ರಸಂಗ ಮಾಡಿದ ಭಾನುವಾರ ಎಲ್ಲರೂ ನೆಲ ನೋಡುತ್ತಾ ಕುಳಿತಿದ್ದರು. ಚಂದ್ರಮತಿಯ ಗಂಡ ಸದಾನಂದ ಅಲ್ಲಿಯವರೆಗೆ ಸಭೆಯಲ್ಲಿ ಬೈಬಲಿನ ವೇದಪಾಠ ಓದುತ್ತಿದ್ದವನು. ಇಪ್ಪತ್ತು ವರ್ಷ ಓದಿದ್ದ. ಅವನ ಸ್ವರ ಚೆನ್ನಾಗಿತ್ತು. ಆ ಭಾನುವಾರದ ನಂತರ ಓದುವ ಕೆಲಸ ಬಿಟ್ಟು ಬಾಗಿಲ ಬಳಿಯ ಕೊನೆಯ ಬೆಂಚಿಗೆ ಹೋಗಿ ಕುಳಿತ. ಅಲ್ಲಿಂದ ಎದ್ದಿರಲಿಲ್ಲ.

ಮಗನ ದೇಹ ಮನೆಗೆ ಬಂದಾಗ ಶವಪರೀಕ್ಷೆಗೆಂದು ಕೊಯ್ದು ಹೊಲಿದು ಸುತ್ತಿದ್ದರಿಂದ ಮುಖ ಮತ್ತು ಕಾಲುಗಳನ್ನು ಮಾತ್ರ ತೊಳೆಯಲು ಬಿಟ್ಟರು. ಕಾಲು ನಾನೇ ತೊಳೆಯುತ್ತೇನೆ ಎಂದು ಚಂದ್ರಮತಿ ಹಠ ಹಿಡಿದಳು. ಬಲಗಾಲಿನ ಮೀನಖಂಡದ ಒಳಬದಿಯಲ್ಲಿ ಅಂಗೈ ಅಗಲದ ಸುಟ್ಟ ಗಾಯವಿತ್ತು. ಅವಳ ಕೈ ಅಲ್ಲೇ ನಿಂತಿತು. ಆ ಗಾಯ ಅವಳಿಗೆ ಗೊತ್ತಿದ್ದದ್ದು. ಶಾಲೆಗೆ ಹೋಗುವ ಕಾಲದಲ್ಲಿ ಅಪ್ಪನ ಬೈಕಿನ ಹಿಂದೆ ಕೂತು ಸೈಲೆನ್ಸರಿಗೆ ಕಾಲು ತಾಗಿಸಿಕೊಂಡು ಅದೇ ಜಾಗದಲ್ಲಿ ಎರಡು ಸಲ ಸುಟ್ಟುಕೊಂಡಿದ್ದ. ಲೋಳೆಸರ ಹಚ್ಚಿದವಳು ಅವಳೇ. ಓಡಿಸುವವನ ಕಾಲು ಮುಂದೆ ಇರುತ್ತದೆ. ಸೈಲೆನ್ಸರ್ ಸುಡುವುದು ಹಿಂದೆ ಕೂತವನನ್ನು.

ಒಂದು ವಾರದ ಮೇಲೆ ಸುಮತಿ ಬಂದು ಪಕ್ಕದಲ್ಲಿ ಕೂತು ಅತ್ತಳು. "ನನ್ನವನ ಎದೆ ನೋಡ್ಲಿಕ್ಕೆ ಆಗುದಿಲ್ಲ ಚಂದ್ರಕ್ಕ, ಹ್ಯಾಂಡಲ್ ಬಡಿದು ಅಷ್ಟಗಲ ಕಪ್ಪಾಗಿದೆ" ಎಂದಳು. ಹಿಂದೆ ಕೂತವನ ಎದೆಗೆ ಹ್ಯಾಂಡಲ್ ಹೇಗೆ ಬಡಿಯಿತೆಂದು ಪಾಪದ ಸುಮತಿಗೆ ಹೊಳೆಯಲಿಲ್ಲ. ಚಂದ್ರಮತಿ ಅವಳ ಬೆನ್ನು ಸವರಿದಳು.

ಮುಂದಿನ ತಿಂಗಳು ಸುಘೋಷ ಕೈಗೆ ಪಟ್ಟಿ ಕಟ್ಟಿಕೊಂಡು ಸಭೆಗೆ ಬಂದ. ಅಯ್ಯನವರು ಎಂದಿನ ಎಚ್ಚರಿಕೆ ಹೇಳಿದರು. ರೊಟ್ಟಿಯ ತಟ್ಟೆ ಎಡಗಡೆಯ ಬೆಂಚುಗಳಿಗೆ ಹೋಯಿತು. ಸುಘೋಷ ಪಟ್ಟಿ ಕಟ್ಟಿದ ಕೈಯನ್ನು ಚಾಚಿದ. ಅದನ್ನು ಕಂಡ ಕ್ಷಣದಲ್ಲಿ ಚಂದ್ರಮತಿಗೆ ತನ್ನ ದಾರಿ ಸಿಕ್ಕಿತು. ಪೊಲೀಸರು ಬೇಡ, ಜಗಳ ಬೇಡ. ಇವನು ತಿಂಗಳು ತಿಂಗಳೂ ಬರಲಿ, ನನ್ನ ಕೈಯ ರೊಟ್ಟಿ ತಿನ್ನಲಿ.

ಅಪಾಯ ಒಂದೇ ಇತ್ತು. ಅವನು ಪಶ್ಚಾತ್ತಾಪ ಪಟ್ಟರೆ? ಚಂದ್ರಮತಿಗೆ ದೇವರಲ್ಲಿ ಸಂಶಯವಿರಲಿಲ್ಲ. ಆತನ ಈ ಒಂದು ಗುಣದ ಮೇಲೆ ಮಾತ್ರ ಸಿಟ್ಟಿತ್ತು. ಎಂಥವನೇ ಆಗಲಿ, ಬಾಯಿಬಿಟ್ಟು ಅತ್ತರೆ ಆತ ಬಿಟ್ಟುಬಿಡುತ್ತಾನೆ. ಆದ್ದರಿಂದ ಸುಘೋಷ ಅಳಬಾರದು. ಅವನ ಮನಸ್ಸು ಚುಚ್ಚಬಾರದು. ಅವನು ಸುಖವಾಗಿರಬೇಕು. ಅವಳು ಅವನನ್ನು ಕಂಡಾಗ ನಕ್ಕಳು. ಹುಟ್ಟುಹಬ್ಬಕ್ಕೆ ಅಂಗಿಬಟ್ಟೆ ಕೊಟ್ಟಳು. ಮಾವಿನಮಿಡಿಯ ಉಪ್ಪಿನಕಾಯಿ ಹಾಕಿದಾಗಲೆಲ್ಲ ಒಂದು ಬಾಟಲಿ ಸುಮತಿಯ ಮನೆಗೆ ಹೋಯಿತು. ಸದಾನಂದನಿಗೂ ಹೇಳಲಿಲ್ಲ. ಹೇಳಿದರೆ ಅವನು ನೇರ ಹೋಗಿ ಕೇಳುವವನು. ಕೇಳಿದರೆ ಹುಡುಗ ಒಪ್ಪಿಕೊಳ್ಳುವವನು. ಒಪ್ಪಿಕೊಂಡರೆ ದೇವರು ಕ್ಷಮಿಸಲು ಎದ್ದು ಬರುವವನು. ಗಂಡ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿರುವುದನ್ನು ಅವಳು ಪ್ರತಿ ತಿಂಗಳು ನೋಡುತ್ತಿದ್ದಳು. ಸ್ವಲ್ಪ ತಾಳಿ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದಳು.

ಈ ಶನಿವಾರವೂ ಬಾಣಲೆ ಒಲೆಯ ಮೇಲೆ ಕೂತಿತ್ತು. ಸದಾನಂದ ಕ್ಷೌರಕ್ಕೆ ಸ್ಟೇಷನ್ ರಸ್ತೆಗೆ ಹೋಗಿದ್ದ. ಮಧ್ಯಾಹ್ನ ಮೂರು ಗಂಟೆಯಿರಬಹುದು. ಅವಳು ಮುಚ್ಚಳದ ಮೇಲೆ ಕೆಂಡ ಹರಡುತ್ತಿರುವಾಗ ಹಿತ್ತಲ ಬಾಗಿಲ ಚಿಲಕದ ಸದ್ದಾಯಿತು.

"ದೊಡ್ಡಮ್ಮ."

ಸುಘೋಷ. ಪೆರುಂಗುಡಿಯ ಆಫೀಸು ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವ ಅವನು ಕೆಲಸದ ನೀಲಿ ಅಂಗಿಯಲ್ಲೇ ಬಂದಿದ್ದ. ಕೈಯಲ್ಲಿ ಒಂದು ಬಟ್ಟೆಯ ಚೀಲ. ಮುಖ ಸರಿಯಿರಲಿಲ್ಲ. ನಿದ್ದೆ ಮಾಡದವನ ಕಣ್ಣು.

ಚಂದ್ರಮತಿ ಅದನ್ನು ಕಂಡಳು. ಅವಳು ತಕ್ಷಣ ನಕ್ಕಳು.

"ಓ, ನೀನಾ! ಬಾ ಬಾ. ಇವತ್ತು ಅರ್ಧ ದಿನವಾ? ಊಟ ಆಯ್ತಾ?"

"ಆಯ್ತು. ದೊಡ್ಡಮ್ಮ, ನಿಮ್ಮ ಹತ್ರ ಒಂದು ಮಾತು—"

"ಮಾತು ಎಲ್ಲಿಗೆ ಹೋಗ್ತದೆ ಮಾರಾಯ. ಮೊದಲು ಆ ಚಿಪ್ಪಿನ ಗೋಣಿ ಈಚೆ ಎಳಿ, ನನ್ನ ಸೊಂಟ ಆಗುದಿಲ್ಲ."

ಅವನು ಗೋಣಿ ಎಳೆದು ತಂದ.

"ದೊಡ್ಡಮ್ಮ, ನಾನು ನಿನ್ನೆ ಅಯ್ಯನವರ ಹತ್ರ—"

"ಅವರ ಸಕ್ಕರೆ ಕಾಯಿಲೆ ಹೇಗುಂಟು ಈಗ? ಹೋದ ತಿಂಗಳು ಕಾಲು ಊದಿತ್ತು. ನಿನ್ನ ಅಮ್ಮನಿಗೆ ಹೇಳು, ಅವರಿಗೆ ಪಾಯಸ ಕಳಿಸ್ಬೇಡ ಅಂತ. ಇಗೋ, ನೀರು ಕುಡಿ. ಬೆವರಿದ್ದಿ."

"ನೀರು ಬೇಡ. ಕೊಂಚ ಕೇಳಿ, ಪ್ಲೀಸ್."

"ಚಾ ಮಾಡ್ತೇನೆ."

"ಬೇಡ ದೊಡ್ಡಮ್ಮ."

"ಹಲಸಿನ ಹಪ್ಪಳ ಉಂಟು, ಊರಿಂದ ಬಂದದ್ದು. ಕರಿತೇನೆ, ಕೂತ್ಕೊ. ಅಲ್ಲ, ಬೇಡ, ನೀನು ಒಂದು ಕೆಲಸ ಮಾಡು. ಅಂಗಡಿಗೆ ಹೋಗಿ ಬೆಣ್ಣೆ ತಾ. ಹೋಗು, ಬೇಗ ಹೋಗು."

ಅವಳ ಸ್ವರ ಏರಿಹೋಗಿತ್ತು. ಅವನು ಕದಲಲಿಲ್ಲ. ನುಗ್ಗೆಮರದ ಕೆಳಗೆ, ಕೆಂಡದ ಕಾವಿನಲ್ಲಿ, ಮಣ್ಣಿನ ಮೇಲೆ ಮೊಣಕಾಲೂರಿದ.

"ಬೈಕ್ ಓಡಿಸಿದ್ದು ನಾನು. ಸಂದೇಶ್ ಅಲ್ಲ. ಅವನು ಹಿಂದೆ ಕೂತಿದ್ದ."

ಚಂದ್ರಮತಿಯ ಕೈಯಲ್ಲಿ ಕೆಂಡದ ಇಕ್ಕಳವಿತ್ತು. ಅದನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ನಾಲ್ಕು ವರ್ಷ ಕಟ್ಟಿದ್ದನ್ನು ಈ ಹುಡುಗ ಮೂರು ಮಾತಿನಲ್ಲಿ ಕೆಡವುತ್ತಿದ್ದ.

"ಅವನು ಜಾಸ್ತಿ ಕುಡ್ದಿದ್ದ, ಅದಕ್ಕೆ ಕೀ ನನಗೆ ಕೊಟ್ಟ. ನಾನೂ ಕುಡ್ದಿದ್ದೆ. ಎದ್ದು ನೋಡಿದ್ರೆ ಅವನು ಹೋಗಿದ್ದ. ಪೊಲೀಸಿನವರು ಯಾರ್ ಓಟ್ಟಿನದು, ಓಡಿಸಿದ್ದು ಯಾರು ಅಂತ ಕೇಳಿದ್ರು. ನಾನು ಅವನ ಕಡೆ ಕೈ ತೋರಿಸಿಬಿಟ್ಟೆ. ಬಾಯಲ್ಲಿ ಕೂಡ ಹೇಳ್ಲಿಲ್ಲ, ಕೈ ತೋರಿಸಿದೆ ಅಷ್ಟೆ. ಹೆದರಿಕೆ. ಆಮೇಲೆ ಹಿಂದೆ ತಗೊಳ್ಳಿಕ್ಕೆ ಆಗ್ಲಿಲ್ಲ."

"ನಂಗೆ ಗೊತ್ತುಂಟು" ಎಂದಳು ಚಂದ್ರಮತಿ.

ಅವನು ತಲೆಯೆತ್ತಿದ.

"ಕಾಲು ತೊಳೆದ ದಿನದಿಂದ ಗೊತ್ತುಂಟು. ಸೈಲೆನ್ಸರ್ ಸುಟ್ಟದ್ದು ಯಾರ ಕಾಲು? ಹ್ಯಾಂಡಲ್ ಬಡಿದದ್ದು ಯಾರ ಎದೆಗೆ? ನನಗೆ ಅಷ್ಟೂ ತಿಳಿಯುದಿಲ್ವಾ?"

"ಮತ್ತೆ... ಮತ್ತೆ ಯಾಕೆ ಯಾರಿಗೂ—"

"ನೀನು ಹೀಗೆ ಬಂದು ಮೊಣಕಾಲು ಊರಬಾರದು ಅಂತ." ಅವಳ ಸ್ವರದಲ್ಲಿ ಈಗ ನಗು ಇರಲಿಲ್ಲ. "ನೀನು ಸುಖವಾಗಿ ತಿನ್ನಬೇಕು ಅಂತ. ಅಯ್ಯನವರು ಹೇಳುದು ಕೇಳಿಯೂ ಕೈ ಚಾಚ್ತಿದ್ದಿಯಲ್ಲ, ನಾಲ್ಕು ವರ್ಷ ನೀನು ತಿಂದದ್ದು ಎಂತ ಅಂತ ತಿಳ್ಕೊಂಡಿದ್ದಿ? ರೊಟ್ಟಿಯಾ? ಅದು ನಿನ್ನ ಶಿಕ್ಷೆ. ನಾನೇ ನಾದಿ, ನಾನೇ ಸುಟ್ಟು ಕೊಟ್ಟದ್ದು. ಈಗ ಅತ್ತರೆ ತಿಂದದ್ದು ಹೊರಗೆ ಬರ್ತದಾ?"

ಸುಘೋಷ ಚೀಲದೊಳಗೆ ಕೈ ಹಾಕಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಅವಳ ಮುಂದೆ ಇಟ್ಟ.

"ನಾನು ತಿನ್ಲಿಲ್ಲ ದೊಡ್ಡಮ್ಮ."

ಡಬ್ಬಿಯಲ್ಲಿ ಒಣಗಿದ ರೊಟ್ಟಿಯ ಚೂರುಗಳಿದ್ದವು. ಹೆಬ್ಬೆಟ್ಟಿನ ಗಾತ್ರದವು.

"ಕೈಗೆ ತಗೊಳ್ತಿದ್ದೆ. ತಗೊಳ್ಳದಿದ್ರೆ ಎಲ್ಲರೂ ಯಾಕೆ ಅಂತ ಕೇಳ್ತಾರೆ. ಬಾಯಿ ಹತ್ರ ತಂದು ತಲೆ ಬಗ್ಗಿಸಿ ಕಿಸೆಗೆ ಹಾಕ್ಕೊಳ್ತಿದ್ದೆ. ತಿನ್ಲಿಕ್ಕೆ ಹೆದರಿಕೆ. ಬಿಸಾಡ್ಲಿಕ್ಕೂ ಹೆದರಿಕೆ. ಮೊದಲನೇ ವರ್ಷದ್ದಕ್ಕೆ ಇರುವೆ ಬಂತು, ಆಮೇಲೆ ಈ ಡಬ್ಬಿ ತಗೊಂಡೆ."

ಚಂದ್ರಮತಿ ಇಕ್ಕಳ ಕೆಳಗಿಟ್ಟು ಡಬ್ಬಿ ತೆರೆದಳು. ಅವು ಅವಳ ರೊಟ್ಟಿಗಳೇ. ತಳ ಕಪ್ಪಾದ ಚೂರು, ಸೊಂಟ ಹಿಡಿದು ಒಲೆಯ ಕಡೆ ಬಗ್ಗಲಾಗದ ತಿಂಗಳಿನದು. ಒತ್ತೊತ್ತಾಗಿ ಉಬ್ಬದೆ ಉಳಿದದ್ದು, ಡಿಸೆಂಬರಿನ ಮಳೆಗೆ ಬೀದಿಯಲ್ಲಿ ನೀರು ನಿಂತು ಹಳೆಯ ಈಸ್ಟ್ ಬಳಸಿದಾಗಿನದು. ಒಂದರಲ್ಲಿ ಉಪ್ಪು ಹೆಚ್ಚಾಗಿತ್ತು. ಅದು ಯಾವುದೆಂದು ನೋಡಿ ಹೇಳಲಾಗುವುದಿಲ್ಲ, ಆದರೆ ಇದರಲ್ಲೇ ಎಲ್ಲೋ ಇತ್ತು. ತಿಂಗಳು ತಿಂಗಳೂ ಅವಳು ಕೊಟ್ಟ ಶಿಕ್ಷೆ ಒಂದು ಚೂರೂ ಅವನ ಹೊಟ್ಟೆಗಿಳಿಯದೆ ಅವಳಿಗೇ ಮರಳಿ ಬಂದಿತ್ತು.

ಹಾಗಾದರೆ ತಿಂದವರು ಯಾರು?

ಆ ಪ್ರಶ್ನೆ ಯಾರೂ ಕೇಳದೆ ತಾನಾಗಿಯೇ ಬಂದು ನಿಂತಿತು. ಒಳಗೆ ಒಂದನ್ನು ಬಚ್ಚಿಟ್ಟುಕೊಂಡು, ಅಯ್ಯನವರ ಮಾತನ್ನು ಅಕ್ಷರಕ್ಕೆ ಅಕ್ಷರ ನಂಬಿ, ಆದರೂ ಪ್ರತಿ ತಿಂಗಳು ಕೈ ಚಾಚಿ ತಿಂದು ನುಂಗಿದವಳು ಅವಳೊಬ್ಬಳೇ.

ಅವಳು ಡಬ್ಬಿಯನ್ನು ಪಟ್ಟೆಂದು ಮುಚ್ಚಿದಳು. "ಯಾಕೆ ಬಂದದ್ದು ಈಗ? ನಾಲ್ಕು ವರ್ಷ ಇಲ್ಲದ್ದು ಇವತ್ತು ಎಂತ?"

"ನೀವು ಮೊನ್ನೆ ಉಪ್ಪಿನಕಾಯಿ ಕಳಿಸಿದ್ರಿ" ಎಂದ ಸುಘೋಷ. "ಬಾಟಲಿ ಮೇಲೆ ನನ್ನ ಹೆಸರು ಬರ್ದಿದ್ರಿ. ಅಮ್ಮ ಓದಿ ಹೇಳಿದ್ರು. ನನಗೆ ತಡ್ಕೊಳ್ಳಿಕ್ಕೆ ಆಗ್ಲಿಲ್ಲ. ನೀವು ಒಂದು ಸಲ ಬೈದಿದ್ರೆ ನಾನು ಹೇಗಾದ್ರೂ ಬದುಕ್ತಿದ್ದೆ ದೊಡ್ಡಮ್ಮ. ನೀವು ನೋಡಿದಾಗೆಲ್ಲ ನಗ್ತಿದ್ರಿ."

ಚಂದ್ರಮತಿಗೆ ಆ ಬಾಟಲಿಯನ್ನು ತೆಗೆದು ಗೋಡೆಗೆ ಎಸೆಯಬೇಕೆನಿಸಿತು. ಅವನು ಎಚ್ಚರಗೊಳ್ಳಬಾರದೆಂದು ಹಾಕಿದ ಉಪ್ಪಿನಕಾಯಿಯೇ ಅವನನ್ನು ಎಬ್ಬಿಸಿಬಿಟ್ಟಿತ್ತು. ಇದು ದೇವರದೇ ಕೆಲಸ. ಬೇರೆ ಯಾರಿಗೂ ಇಷ್ಟು ಕುಯುಕ್ತಿ ಇರುವುದಿಲ್ಲ.

"ನಾನು ಕ್ಷಮಿಸುದಿಲ್ಲ" ಎಂದಳು. "ತಿಳೀತಾ? ದೇವರು ಬೇಕಾದ್ರೆ ಕ್ಷಮಿಸ್ಲಿ, ಅವನಿಗೆ ಅದೇ ಕೆಲಸ. ಅವನ ಮಗನಾದ್ರೂ ಮೂರನೇ ದಿನ ಎದ್ದು ಬಂದ. ನನ್ನ ಮಗ ಬರ್ಲಿಲ್ಲ."

"ಕ್ಷಮಿಸಿ ಅಂತ ಕೇಳ್ಲಿಕ್ಕೆ ನನಗೆ ಬಾಯಿ ಇಲ್ಲ. ಸೋಮವಾರ ಸ್ಟೇಷನ್‌ಗೆ ಹೋಗ್ತೇನೆ, ಅಯ್ಯನವರೂ ಬರ್ತಾರೆ. ಅಮ್ಮನಿಗೆ ಬೆಳಿಗ್ಗೆ ಹೇಳಿದೆ. ಈಗ ದೊಡ್ಡಪ್ಪನಿಗೆ ಹೇಳ್ಬೇಕು."

"ಬೇಡ!"

ಅವಳ ಬಾಯಿಂದ ಅದು ಕೂಗಿನಂತೆ ಬಂತು. ಸುಘೋಷ ಬೆಚ್ಚಿದ.

"ಅವರಿಗೆ ಬೇಡ. ಅವರ ಎದೆ ಸರಿಯಿಲ್ಲ. ನನಗೆ ಹೇಳಿದ್ದಿಯಲ್ಲ, ಸಾಕು. ನಾನೇ ಯಾವಾಗಲಾದ್ರೂ ನೋಡಿ..."

ಮಾತು ಅರ್ಧಕ್ಕೆ ನಿಂತಿತು. ಸದಾನಂದನ ಎದೆಗೆ ಏನೂ ಆಗಿರಲಿಲ್ಲ. ಅವನು ತಿಳಿದುಕೊಂಡರೆ ಮೊದಲು ಕೇಳುವ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು. ಅವಳು ಹೆದರಿದ್ದಳು. ತಾನು ಹೆದರಿದ್ದು ಈ ಹುಡುಗನಿಗೂ ಕಂಡಿರಬೇಕು. ಅವನು ಕಣ್ಣು ಕೆಳಗೆ ಹಾಕಿದ.

"ನಿಮಗೆ ಗೊತ್ತಿತ್ತು ಅಂತ ನಾನು ಹೇಳುದಿಲ್ಲ" ಎಂದ, ಮೆಲ್ಲಗೆ.

ಆ ಮಾತು ಅವಳ ಮೈಯನ್ನು ಸುಟ್ಟಿತು. ಮಗನನ್ನು ಕೊಂದವನಿಂದ ಕರುಣೆ.

ಮುಂಬಾಗಿಲು ತೆರೆದ ಸದ್ದು ಕೇಳಿತು. ಸದಾನಂದ ಹೆಗಲ ಟವೆಲಿನಿಂದ ಕೊರಳ ಹಿಂದಿನ ಕೂದಲು ಝಾಡಿಸಿಕೊಳ್ಳುತ್ತಾ ನೇರ ಹಿತ್ತಲಿಗೆ ಬಂದ. ಕ್ಷೌರದ ಮೇಲೆ ಸ್ನಾನ ಮಾಡದೆ ಅವನು ಮನೆಯೊಳಗೆ ಕೂರುತ್ತಿರಲಿಲ್ಲ.

"ಏನು ಸುಘೋಷ, ಮಣ್ಣಲ್ಲಿ ಕೂತಿದ್ದಿ? ದೊಡ್ಡಮ್ಮ ಕೆಲಸ ಮಾಡಿಸಿ ಮಾಡಿಸಿ ಬೀಳಿಸಿದ್ರಾ?"

ಸುಘೋಷ ಎದ್ದು ನಿಂತು ಹೇಳಿದ. ಇವಳಿಗೆ ಹೇಳಿದ ಅದೇ ಮಾತುಗಳು, ಅದೇ ಕ್ರಮದಲ್ಲಿ. ಮೊದಲೇ ಉರುಹೊಡೆದು ಬಂದಿದ್ದನೆಂದು ಅವಳಿಗೆ ಆಗ ತಿಳಿಯಿತು.

ಸದಾನಂದ ಬಾವಿಕಟ್ಟೆಯ ಮೇಲೆ ಕುಳಿತ. ಟವೆಲನ್ನು ಮಡಿಸಿದ, ಬಿಚ್ಚಿದ.

"ಅವ ಹಿಂದೆ ಕೂತಿದ್ದನಾ?"

"ಹೌದು ದೊಡ್ಡಪ್ಪ."

"ಕೀ ಅವನೇ ಕೊಟ್ಟನಾ? ನೀನು ಕಿತ್ಕೊಂಡದ್ದಾ, ಅವನೇ ಕೊಟ್ಟದ್ದಾ?"

"ಅವನೇ ಕೊಟ್ಟ. 'ನನ್ಗೆ ತಲೆ ಸುತ್ತುತ್ತೆ ಡಾ, ನೀನೇ ಓಡ್ಸು' ಅಂದ."

"ಅಷ್ಟು ಬುದ್ಧಿ ಇತ್ತು ಅವನಿಗೆ" ಎಂದ ಸದಾನಂದ. "ಓಡಿಸಬಾರದು ಅಂತ ಗೊತ್ತಿತ್ತು ಅವನಿಗೆ." ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ನಾಲ್ಕು ವರ್ಷದಲ್ಲಿ ಅವನು ಮಗನಿಗಾಗಿ ಅತ್ತದ್ದನ್ನು ಚಂದ್ರಮತಿ ಕಂಡಿರಲಿಲ್ಲ. ನಾಚಿಕೆ ಅವನನ್ನು ಅಳಲು ಬಿಟ್ಟಿರಲಿಲ್ಲ.

ಸುಘೋಷ ಅವಳ ಕಡೆ ನೋಡಲೇ ಇಲ್ಲ. ಹೇಳುವುದಿಲ್ಲ ಎಂದವನು ಹೇಳುವವನಲ್ಲ. ಅವಳು ಸುಮ್ಮನಿದ್ದರೆ ಮುಗಿಯುತ್ತಿತ್ತು. ನಾಳೆ ಸಭೆಯಲ್ಲಿ ಎಲ್ಲರೂ ಅವಳ ಕೈ ಹಿಡಿದು ಅಳುತ್ತಿದ್ದರು. ಅವಳು ಡಬ್ಬಿಯನ್ನು ನೋಡಿದಳು. ಒಣಗಿದ ಚೂರುಗಳು ಒಳಗೆ ಸುಮ್ಮನೆ ಕೂತಿದ್ದವು.

"ನಂಗೆ ಗೊತ್ತಿತ್ತು" ಎಂದಳು.

ಸದಾನಂದ ಟವೆಲು ಇಳಿಸಿದ.

"ಮೊದಲ ದಿನದಿಂದ. ಕಾಲಲ್ಲಿ ಸುಟ್ಟ ಗಾಯ ಇತ್ತು. ನಿಮಗೆ ಹೇಳ್ಲಿಲ್ಲ."

"ಯಾಕೆ?"

"ಇವ ಹಾಳಾಗಿ ಹೋಗ್ಲಿ ಅಂತ."

"ನಾನು?" ಎಂದ ಸದಾನಂದ. "ನಾನು ಆ ಬಾಗಿಲ ಹತ್ರ ಕೂತದ್ದು ನಿನಗೆ ಕಾಣ್ತಿರ್ಲಿಲ್ವಾ?"

"ಕಾಣ್ತಿತ್ತು."

ಅವನು ಒಮ್ಮೆ ಸುಘೋಷನನ್ನು ನೋಡಿದ, ಒಮ್ಮೆ ಅವಳನ್ನು. "ಈ ಹುಡುಗ ಹೆದರಿ ಸುಳ್ಳು ಹೇಳಿದ ಚಂದ್ರಾ. ನೀನು ಯಾವ ಹೆದರಿಕೆ ಇಲ್ಲದೆ ಸುಮ್ಮನಿದ್ದಿ."

ಬಾಣಲೆಯಿಂದ ಸೀದ ವಾಸನೆ ಬರತೊಡಗಿತ್ತು. ಮೂವರಿಗೂ ಅದು ಬಂದಿದ್ದರೂ ಯಾರೂ ಕದಲಲಿಲ್ಲ. ಕೊನೆಗೆ ಸದಾನಂದನೇ ಎದ್ದು ಇಕ್ಕಳದಿಂದ ಮುಚ್ಚಳ ಎತ್ತಿದ. ರೊಟ್ಟಿ ತಳದಿಂದ ನೆತ್ತಿಯವರೆಗೆ ಇದ್ದಲಾಗಿತ್ತು. ಅವನು ಅದನ್ನು ನುಗ್ಗೆಮರದ ಬುಡಕ್ಕೆ ಕವುಚಿ, ಬಾವಿಯಿಂದ ನೀರು ಸೇದಿ, ಅವರಿಬ್ಬರಿಗೆ ಬೆನ್ನು ಹಾಕಿ ತಲೆಗೆ ಸುರಿದುಕೊಳ್ಳತೊಡಗಿದ. ಒಂದು ಕೊಡ, ಇನ್ನೊಂದು ಕೊಡ.

ಚಂದ್ರಮತಿ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬ ತೆಗೆದಳು. ನಾಳೆ ನಾಲ್ಕು ಗಂಟೆಗೆ ರೊಟ್ಟಿ ಬೇಕು. ಜರಡಿ ಹಿಡಿಯಲು ಹೋದರೆ ಅರ್ಧ ಹಿಟ್ಟು ನೆಲಕ್ಕೆ ಬಿತ್ತು. ಸುಘೋಷ ಬಾಗಿಲಲ್ಲಿ ನಿಂತಿದ್ದ. ಹೋಗಲೋ ಬೇಡವೋ ತಿಳಿಯದೆ ನಿಂತವನಂತೆ.

"ಎಂತ ನೋಡುದು?" ಎಂದಳು. "ಕೈ ತೊಳ್ಕೊಂಡು ಬಾ. ಮೊಣಕೈವರೆಗೆ ತೊಳಿ, ಆ ಗ್ರೀಸೆಲ್ಲ ಹೋಗ್ಬೇಕು."

"ನಾನಾ?"

"ಮತ್ತೆ ನಾನಾ? ಈ ಕೈಯಲ್ಲಿ ಇವತ್ತು ಆಗುದಿಲ್ಲ. ನೀನೇ ಕಲಸು."

ಅವನು ಕೈ ತೊಳೆದು ಬಂದು ನೆಲದ ಮೇಲೆ ಪರಾತದ ಮುಂದೆ ಕುಳಿತ. ಅವಳು ಗೋಡೆಗೊರಗಿ ಎದುರು ಕುಳಿತಳು.

"ಮೂರು ಸಲ ಜರಡಿ ಹಿಡಿ."

ಹಿಡಿದ.

"ಉಪ್ಪು ಇಷ್ಟು. ನೀರು ಒಟ್ಟಿಗೆ ಹೊಯ್ಯಬೇಡ, ಕುಡುಕರ ಹಾಗೆ."

ಅವನು ಕಿವಿಯವರೆಗೆ ಕೆಂಪಾದ. ಆದರೆ ಕೈ ನಿಲ್ಲಿಸಲಿಲ್ಲ.

"ಹಾಗಲ್ಲ. ಅಂಗೈಯ ಬುಡದಿಂದ ಒತ್ತು. ಇನ್ನೂ. ಮನುಷ್ಯನನ್ನು ಕೊಂದ ಕೈಗೆ ಇಷ್ಟೂ ಬಲ ಇಲ್ವಾ?"

ಅವನು ಒತ್ತಿದ. ಕಣ್ಣೀರು ಮೂಗಿನ ತುದಿಯಿಂದ ಹಿಟ್ಟಿಗೆ ಬಿದ್ದೀತೆಂದು ಭುಜಕ್ಕೆ ಮುಖ ಒರೆಸಿಕೊಳ್ಳುತ್ತಾ ಒತ್ತಿದ. ಅವಳು ಒಂದು ತಪ್ಪನ್ನೂ ಬಿಡದೆ ಹೇಳಿದಳು. ಬೈಯುವುದು ಇಷ್ಟು ಹಗುರವೆಂದು ಅವಳಿಗೆ ಗೊತ್ತಿರಲಿಲ್ಲ. ನಾಲ್ಕು ವರ್ಷ ನಕ್ಕು ನಕ್ಕು ಅವಳ ದವಡೆ ನೋಯುತ್ತಿತ್ತು.

"ಸಾಕು. ಒದ್ದೆ ಬಟ್ಟೆ ಮುಚ್ಚು. ಕೇಳು. ನಾಳೆ ಎಲ್ಲರೂ ನಿನ್ನ ಕೈಯದ್ದನ್ನೇ ತಿನ್ನುದು. ನೀನೂ ತಿನ್ನು. ಕಿಸೆಗೆ ಹಾಕ್ಕೊಂಡ್ರೆ ಅಲ್ಲಿಯೇ ಎದ್ದು ಕೆನ್ನೆಗೆ ಕೊಡ್ತೇನೆ."

"ನೀವು...?"

"ನನ್ನದು ನಿನಗೆ ಬೇಡ."

ಭಾನುವಾರ ನಾಲ್ಕು ಗಂಟೆಗೆ ಹಾಲಿನಲ್ಲಿ ಫ್ಯಾನುಗಳು ಕಿರುಗುಟ್ಟುತ್ತಿದ್ದವು. ಆರಂಭದಲ್ಲೇ ಸುಘೋಷ ಎದ್ದು ಎಲ್ಲರ ಮುಂದೆ ಹೇಳಿದ. ಹೆಂಗಸರ ಬೆಂಚಿನಲ್ಲಿ ಸುಮತಿ ಸೆರಗು ಕಚ್ಚಿಕೊಂಡು ಕುಳಿತಿದ್ದಳು. ಯಾರೋ ಅಯ್ಯೋ ಎಂದರು. ಸದಾನಂದ ಕೊನೆಯ ಬೆಂಚಿನಲ್ಲೇ ಕುಳಿತಿದ್ದ, ಆದರೆ ತಲೆ ನೇರವಾಗಿತ್ತು. ನಿನ್ನೆಯಿಂದ ಅವನು ಅವಳೊಡನೆ ಎರಡೇ ಮಾತು ಆಡಿದ್ದ: ಕೊಡೆ ತಗೋ, ಬಾಗಿಲು ಹಾಕು.

ಅಯ್ಯನವರು ಎಂದಿನ ಎಚ್ಚರಿಕೆ ಹೇಳಿ ಬಿಳಿ ಬಟ್ಟೆ ಸರಿಸಿದರು. ರೊಟ್ಟಿ ಒಂದು ಕಡೆ ಉಬ್ಬಿ ಒಂದು ಕಡೆ ಕುಸಿದಿತ್ತು. ಕಲಿಯದವನ ಕೈ. ಅವರು ಮುರಿದು ತಟ್ಟೆಗೆ ಹಾಕಿಕೊಂಡು ಎಡಗಡೆಗೆ ಹೋದರು.

ಚಂದ್ರಮತಿ ಇಷ್ಟು ವರ್ಷ ಸುಘೋಷನ ಕೈಯನ್ನೇ ನೋಡುತ್ತಿದ್ದಳು. ಇವತ್ತು ಗಂಟಲು ನೋಡಿದಳು. ಅವನು ಚೂರನ್ನು ಬಾಯಿಗಿಟ್ಟ. ಅಗಿದ. ಗಂಟಲಿನ ಗಂಟು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು. ಹೋಯಿತು, ತಪ್ಪಿಸಿಕೊಂಡ ಎಂದು ಅವಳೊಳಗೆ ಏನೋ ಹಲ್ಲು ಕಡಿಯಿತು. ಆ ಸಿಟ್ಟು ಹಾಗೆಯೇ ಇತ್ತು, ಒಂದು ತೊಲದಷ್ಟೂ ಇಳಿದಿರಲಿಲ್ಲ. ಆದರೆ ಈಗ ಅದು ಇದೆಯೆಂದು ಗಂಡನಿಗೆ ಗೊತ್ತಿತ್ತು, ಆ ಹುಡುಗನಿಗೆ ಗೊತ್ತಿತ್ತು. ಬಚ್ಚಿಡಲು ಜಾಗ ಉಳಿದಿರಲಿಲ್ಲ.

ಅಯ್ಯನವರು ಬಲಗಡೆಗೆ ಬಂದರು. ಸುಮತಿಗೆ ಕೊಟ್ಟರು. ಚಂದ್ರಮತಿಯ ಮುಂದೆ ನಿಂತರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳು ಕೈ ಚಾಚಲಿ‌ಲ್ಲ.

"ಈ ತಿಂಗಳು ಬೇಡ ಅಯ್ಯ" ಎಂದಳು, ಅವರಿಗೆ ಮಾತ್ರ ಕೇಳುವಂತೆ. "ನನ್ನದು ಇನ್ನೂ ಒಳಗುಂಟು."

ಅಯ್ಯನವರು ಅವಳ ಮುಖ ನೋಡಿ ಮುಂದೆ ಹೋದರು. ಎಲ್ಲರಿಗೂ ಕೊಟ್ಟಾದ ಮೇಲೆ ತಟ್ಟೆಯಲ್ಲಿ ಒಂದು ಚೂರು ಉಳಿಯಿತು. ಅದನ್ನು ಅವರು ಬಿಳಿ ಬಟ್ಟೆಯ ಕೆಳಗೆ ಇಟ್ಟು ಮುಚ್ಚಿದರು. ಹೊರಡುವಾಗ ಸದಾನಂದ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದ. ಅವಳು ಬರುವವರೆಗೆ ನಿಂತಿದ್ದ.